ಎರಡು ಕಾಂಟ್ರಾಸ್ಟ್ ಬಣ್ಣ ಇಷ್ಟ ಆಗಿದೆ, ರೂಮಿಗೆ ಯಾವುದು? ಕರಾವಳಿ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಕಡೆ ಪೈಂಟಿಂಗ್ ಕೆಲಸ ಮಾಡಿಸುವವ ನಾನು. ಮನೆ ಒಕ್ಕಲಿಗೆ ಆಗ್ಲಿ ಮದುವೆಗೆ ಮುಂಚೆ ಹಳೆ ಮನೆ ಚಂದ ಮಾಡ್ಲಿಕ್ಕೆ ಆಗ್ಲಿ, ಫೋನ್ ಮಾಡುವವರು ಕೊನೆಗೆ ಬಂದು ನಿಲ್ಲುದು ಒಂದೇ ಕಡೆ: ಎರಡು ಬಣ್ಣ ಇಷ್ಟ ಆಗಿದೆ, ಒಂದಕ್ಕೊಂದು ಸಂಬಂಧ ಇಲ್ಲ, ಯಾವುದು ಇಟ್ಕೊಳ್ಳುದು? ಎಲ್ರಿಗೂ ಬೇರೆ ಬೇರೆ ಹೇಳುದಕ್ಕಿಂತ ಇಲ್ಲಿ ಒಟ್ಟಿಗೆ ಬರೆದು ಹಾಕ್ತೇನೆ. ಉದಾಹರಣೆಗೆ ಒಂದೇ ಜೋಡಿ ತಗೊಂಡಿದ್ದೇನೆ, ಸಾಸಿವೆ ಹಳದಿ ಮತ್ತೆ ನವಿಲು ನೀಲಿ. ನಿಮ್ಮ ಜೋಡಿ ಬೇರೆ ಇದ್ರೂ ನೋಡುವ ಕ್ರಮ ಇದೇ.

ಶೇಡ್ ಕಾರ್ಡಲ್ಲಿ ಎರಡೂ ಚಂದ ಕಾಣ್ತದೆ, ಅಂಗಡಿಯಲ್ಲೇ ನಿಂತು ಒಂದು ಫಿಕ್ಸ್ ಮಾಡಿದ್ರೆ ಆಗುದಿಲ್ವಾ?

ಆಗುದಿಲ್ಲ. ಕಾರ್ಡಿನ ಚೌಕ ಎರಡು ಇಂಚು, ನಿಮ್ಮ ಗೋಡೆ ಹನ್ನೆರಡು ಅಡಿ. ನಾಲ್ಕು ಗೋಡೆಗೂ ಅದೇ ಬಣ್ಣ ಬಂದಾಗ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬೀಳ್ತದೆ, ಆಗ ಕಾರ್ಡಲ್ಲಿ ಕಂಡದ್ದಕ್ಕಿಂತ ಗಟ್ಟಿ ಕಾಣುದೇ ಜಾಸ್ತಿ, ಹಳದಿಯಲ್ಲಿ ಅಂತೂ ಇದು ಎದ್ದು ಕಾಣ್ತದೆ. ಮತ್ತೆ ಅಂಗಡಿಯ ಬಿಳಿ ಲೈಟು ನಿಮ್ಮ ಮನೆಯಲ್ಲಿ ಇಲ್ಲ. ಕಾರ್ಡ್ ಇರುದು ಇಪ್ಪತ್ತು ಬಣ್ಣದಿಂದ ಎರಡಕ್ಕೆ ಇಳಿಸ್ಲಿಕ್ಕೆ, ಎರಡರಿಂದ ಒಂದಕ್ಕೆ ಬರುದು ಮನೆಯಲ್ಲೇ.

ಹಾಗಾದ್ರೆ ಮನೆಯಲ್ಲಿ ಸ್ಯಾಂಪಲ್ ಹೇಗೆ ನೋಡುದು? ಗೋಡೆಗೇ ಸ್ವಲ್ಪ ಹಚ್ಚಿ ನೋಡುದಾ?

ಗೋಡೆಗೆ ಹಚ್ಚಬೇಡಿ ಅಂತ ನನ್ನ ಅಭಿಪ್ರಾಯ. ಹಳೆ ಬಣ್ಣದ ಮಧ್ಯ ಅಂಗೈ ಅಗಲಕ್ಕೆ ಹೊಸ ಬಣ್ಣ ಹಚ್ಚಿದ್ರೆ ಹಳೆ ಬಣ್ಣವೇ ನಿಮ್ಮ ಕಣ್ಣು ತಪ್ಪಿಸ್ತದೆ, ಮತ್ತೆ ಆ ತೇಪೆ ಅಲ್ಲೇ ಕೂತು ಕೊನೆಯ ಕೋಟಿನ ಅಡಿಯಿಂದ ಅಂಚು ಕಾಣ್ಲಿಕ್ಕೂ ಸಾಕು. ಬದಲಿಗೆ ಎರಡಡಿ ಉದ್ದ ಎರಡಡಿ ಅಗಲದ ಹಾರ್ಡ್‌ಬೋರ್ಡೋ ಪ್ಲೈವುಡ್ಡೋ ತಗೊಳ್ಳಿ, ಎರಡು ಪೀಸ್. ಎರಡಕ್ಕೂ ಬಿಳಿ ಪ್ರೈಮರ್ ಕೊಡಿ, ಮೇಲಿಂದ ಆ ಬಣ್ಣದ ಎರಡು ಕೋಟ್, ರೋಲರಲ್ಲೇ ಕೊಡಿ ಯಾಕೆಂದ್ರೆ ಗೋಡೆಗೂ ರೋಲರೇ ಬರುದು. ಅಂಚಿನವರೆಗೂ ಪೂರ್ತಿ ಬಣ್ಣ ಇರ್ಲಿ. ಒದ್ದೆ ಇರುವಾಗ ನೋಡಿ ಏನೂ ಹೇಳ್ಬೇಡಿ, ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಪೈಂಟ್) ಒದ್ದೆಯಲ್ಲಿ ಸ್ವಲ್ಪ ಹಾಲು ಸೇರಿಸಿದ ಹಾಗೆ ತೆಳ್ಳಗೆ ಕಾಣ್ತದೆ, ಒಣಗಿದ ಮೇಲೆ ಒಂದು ಪಾಲು ಗಾಢ ಆಗ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಪೂರ್ತಿ ಬಿಡಿ.

ಬೋರ್ಡಿನ ಲಾಭ ಎಂತ ಅಂದ್ರೆ ತಿರುಗಿಸಬಹುದು. ಕಿಟಕಿ ಇರುವ ಗೋಡೆಗೆ ಇಡಿ, ಅದರ ಎದುರಿನ ಗೋಡೆಗೆ ಇಡಿ, ಮೂಲೆಯಲ್ಲಿ ಕತ್ತಲೆ ಇರುವಲ್ಲಿ ಇಡಿ, ಸೋಫಾದ ಹಿಂದೆ ಇಡಿ. ಕಿಟಕಿಯ ಗೋಡೆಯನ್ನು ನಾವು ಯಾವಾಗ್ಲೂ ಬೆಳಕಿಗೆ ಮುಖ ಮಾಡಿ ನೋಡುದು, ಹಾಗಾಗಿ ಅಲ್ಲಿ ಯಾವ ಬಣ್ಣ ಇಟ್ರೂ ಎರಡು ಶೇಡ್ ಕಪ್ಪಾಗಿಯೇ ಕಾಣುದು. ನವಿಲು ನೀಲಿಯನ್ನು ಕಿಟಕಿ ಗೋಡೆಗೆ ಹಾಕುವ ಯೋಚನೆ ಇದ್ರೆ ಮೊದಲು ಬೋರ್ಡ್ ಅಲ್ಲಿ ನಿಲ್ಲಿಸಿ ದೂರದಿಂದ ನೋಡಿ.

ಎರಡು ಬೋರ್ಡನ್ನೂ ಪಕ್ಕಪಕ್ಕ ಇಟ್ರೆ ಹೋಲಿಸ್ಲಿಕ್ಕೆ ಸುಲಭ ಅಲ್ವಾ?

ಅದು ಸುಲಭ ಅನ್ನಿಸ್ತದೆ ಅಷ್ಟೆ. ತದ್ವಿರುದ್ಧ ಬಣ್ಣ ತಾಗಿ ಕೂತ್ರೆ ಒಂದು ಇನ್ನೊಂದನ್ನು ಏರಿಸ್ತದೆ: ನೀಲಿಯ ಪಕ್ಕದ ಹಳದಿ ಇನ್ನೂ ಹಳದಿ, ಹಳದಿಯ ಪಕ್ಕದ ನೀಲಿ ಇನ್ನೂ ನೀಲಿ. ಪ್ಯಾರಿಸಿನ ಗೋಬೆಲಿನ್ಸ್ ಅಂತ ಹೆಸರುವಾಸಿ ನೇಯ್ಗೆ ಕಾರ್ಖಾನೆ ಉಂಟು, ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ತಿದ್ದ ಶೆವ್ರೋಲ್ ಅನ್ನುವ ಕೆಮಿಸ್ಟ್‌ಗೆ ಕಪ್ಪು ದಾರ ಸರಿಯಾಗಿ ಕಪ್ಪು ಬರುದಿಲ್ಲ ಅಂತ ಕಂಪ್ಲೇಂಟ್ ಬಂತು, ನೋಡಿದ್ರೆ ದಾರದ ಬಣ್ಣ ಸರಿಯೇ ಇತ್ತು, ಪಕ್ಕದಲ್ಲಿ ನೇಯ್ದ ದಾರದ ಬಣ್ಣದಿಂದಾಗಿ ಹಾಗೆ ಕಾಣ್ತಿತ್ತು. 1839ರಲ್ಲಿ ಅವ ಅದನ್ನು ವಿವರವಾಗಿ ಬರೆದು ಪ್ರಕಟಿಸಿದ. ನಮ್ಮ ಗೋಡೆಗೂ ಅದೇ ನಿಯಮ.

ಹಾಗಾಗಿ ರೂಮಿಗೆ ಒಂದೇ ಬಣ್ಣ ಕೊಡುದಾದ್ರೆ ಒಂದು ಬೋರ್ಡ್ ಹೊರಗಿಟ್ಟು ಇನ್ನೊಂದನ್ನು ಒಂದು ದಿನ ಇಡೀ ಅದೇ ರೂಮಲ್ಲಿ ಇಟ್ಟು ಬದುಕಿ, ಮರುದಿನ ಬದಲಿಸಿ. ಎರಡೂ ಬಣ್ಣ ಒಂದೇ ರೂಮಲ್ಲಿ ಬರುದಾದ್ರೆ ಮಾತ್ರ ಒಟ್ಟಿಗೆ ಇಡಿ.

ನಮ್ಮದು ಹಳೆ ಮನೆ, ನೆಲ ಕೆಂಪು ರೆಡ್ ಆಕ್ಸೈಡ್. ಹಳದಿಯಾ ನೀಲಿಯಾ?

ಬಣ್ಣ ಆರಿಸುವಾಗ ಎಲ್ರೂ ಗೋಡೆ ನೋಡ್ತಾರೆ, ನೆಲ ನೋಡುವವರು ಕಡಿಮೆ, ನಮ್ಮ ಊರಲ್ಲಿ ಮೊದಲು ನೋಡ್ಬೇಕಾದ್ದೇ ನೆಲ. ಟೈಲ್ಸ್ ಬೇಕಾದ್ರೆ ಮುಂದೆ ಬದಲಿಸಿಯಾರು, ಅಜ್ಜನ ಕಾಲದ ಕಾವಿ ನೆಲ ಯಾರೂ ಒಡೆಯುದಿಲ್ಲ, ಒಡೆಯಲೂಬಾರದು. ಹಾಗಾಗಿ ರೂಮಿನ ಮೊದಲ ಬಣ್ಣ ಅದು, ನಿಮ್ಮ ಗೋಡೆ ಎರಡನೆಯದ್ದು.

ಬೆಳಗ್ಗೆ ಹತ್ತು ಗಂಟೆಗೆ ಜಗಲಿ ಬಾಗಿಲು ತೆಗೆದಿರುವಾಗ ಚಾವಡಿಯಲ್ಲಿ ಕೂತು ಗೋಡೆಯ ಕೆಳಗಿನ ಎರಡಡಿ ನೋಡಿ. ಒರೆಸಿ ಒರೆಸಿ ಹೊಳೆಯುವ ಕೆಂಪು ನೆಲಕ್ಕೆ ಬೆಳಕು ಬಿದ್ದು ಗೋಡೆಗೆ ಎದ್ದಿರ್ತದೆ. ಬಿಳಿ ಗೋಡೆ ಇದ್ರೆ ಕೆಳಗೆ ಸಣ್ಣ ಗುಲಾಬಿ ಛಾಯೆ ಇರ್ತದೆ, ಮೇಲೆ ಹೋದ ಹಾಗೆ ಕರಗ್ತದೆ. ಅಲ್ಲಿ ಸಾಸಿವೆ ಹಳದಿ ಇಟ್ರೆ ಕೆಳಗಿನ ಭಾಗ ಕಿತ್ತಳೆಗೆ ತಿರುಗ್ತದೆ, ಗೋಡೆ ನೆಲ ಎರಡೂ ಒಂದೇ ಕುಟುಂಬದ್ದು ಅನ್ನಿಸ್ತದೆ, ಬೆಚ್ಚಗೆ ಇರ್ತದೆ ಆದ್ರೆ ನೆಲದ ಕೆಂಪು ಎದ್ದು ಕಾಣುದಿಲ್ಲ. ನವಿಲು ನೀಲಿ ಇಟ್ರೆ ಕಥೆಯೇ ಬೇರೆ. ಕೆಂಪು ಬೆಳಕನ್ನು ಆ ಬಣ್ಣ ತಿರುಗಿ ಕೊಡುದಿಲ್ಲ, ನುಂಗ್ತದೆ, ಹಾಗಾಗಿ ಕೆಳಭಾಗ ಸ್ವಲ್ಪ ಮಂಕು, ಆದ್ರೆ ನೀಲಿ ಹಸಿರಿನ ಎದುರು ಕೆಂಪು ನೆಲ ಮೊನ್ನೆ ಹಾಕಿದ ಹಾಗೆ ಎದ್ದು ಕೂರ್ತದೆ. ನೆಲ ನಿಮ್ಮ ಮನೆಯ ಹೆಮ್ಮೆ ಆದ್ರೆ ಒಂದು ಗೋಡೆಗೆ ನೀಲಿ ಕೊಡಿ ಅಂತ ನಾನು ಧೈರ್ಯವಾಗಿ ಹೇಳ್ತೇನೆ. ನೆಲದಲ್ಲಿ ಬಿರುಕು, ಸಿಮೆಂಟ್ ತೇಪೆ ಎಲ್ಲ ಇದ್ರೆ ಹಳದಿಯೇ ಒಳ್ಳೇದು, ಕಣ್ಣು ನೆಲಕ್ಕೆ ಹೋಗುದಿಲ್ಲ.

ಬಿಳಿ ವಿಟ್ರಿಫೈಡ್ ಟೈಲ್ಸಿನ ಫ್ಲಾಟಿನವರಿಗೆ ಈ ತಲೆಬಿಸಿ ಕಡಿಮೆ, ಅವರ ನೆಲ ಬೆಳಕನ್ನು ಹಾಗೆಯೇ ಮೇಲೆ ಕಳಿಸ್ತದೆ.

ಬಡಗು ಮುಖದ ರೂಮಿಗೆ ತಣ್ಣನೆ ಬಣ್ಣ ಕೊಡಬಾರದು ಅಂತ ಯೂಟ್ಯೂಬಲ್ಲಿ ಹೇಳ್ತಾರೆ, ಹೌದಾ?

ಆ ಮಾತು ಇಂಗ್ಲೆಂಡ್ ಅಮೆರಿಕದವರಿಗೆ ಸರಿ. ಅವರಲ್ಲಿ ಉತ್ತರದ ಕಿಟಕಿಗೆ ಬಿಸಿಲು ಬರುದು ತೀರಾ ಕಡಿಮೆ. ಮಂಗಳೂರು ಉಡುಪಿ ಇರುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ನೆತ್ತಿಯಿಂದ ಬಡಗಿಗೇ ವಾಲಿರ್ತಾನೆ, ಮೇ ತಿಂಗಳಲ್ಲಿ ಬಡಗಿನ ಕಿಟಕಿಯೊಳಗೆ ಬೆಳಗ್ಗೆ ಸಂಜೆ ಬಿಸಿಲು ನೇರ ಬರುದನ್ನು ನೀವೇ ನೋಡಿದ್ದೀರಿ. ಡಿಸೆಂಬರ್ ಜನವರಿಯಲ್ಲಿ ಉಲ್ಟಾ, ತೆಂಕಿನ ಕಿಟಕಿಯಿಂದ ಬಿಸಿಲು ರೂಮಿನ ಒಳಗೆ ತುಂಬಾ ದೂರ ಬರ್ತದೆ. ಅಲ್ಲಿಯ ನಿಯಮ ಇಲ್ಲಿಗೆ ಹಾಗೆಯೇ ತರ್ಲಿಕ್ಕೆ ಬರುದಿಲ್ಲ.

ನಮ್ಮಲ್ಲಿ ನಿಜವಾಗಿ ಜೋರು ಇರುದು ಪಡುವಣ ಬೆಳಕು. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲ, ಹೀಗೆ ಸಮುದ್ರದ ಹತ್ರ ಇರುವ ಮನೆಗಳಲ್ಲಿ ಮಳೆ ಇಲ್ಲದ ತಿಂಗಳುಗಳಲ್ಲಿ ಮೂರು ಗಂಟೆ ನಂತರ ಪಡು ಕಿಟಕಿಯಿಂದ ಬರುವ ಬಿಸಿಲು ಹೊತ್ತು ಹೋದ ಹಾಗೆ ಹಳದಿಯಿಂದ ಕಿತ್ತಳೆಗೆ ಹೋಗ್ತದೆ. ಆ ಬಿಸಿಲಿಗೆ ಸಾಸಿವೆ ಹಳದಿ ಸಿಕ್ಕಿದ್ರೆ ರೂಮು ಉರಿಯುವ ಹಾಗೆ ಆಗ್ತದೆ, ಏಪ್ರಿಲ್ ಸೆಕೆಯಲ್ಲಿ ಅಲ್ಲಿ ಕೂರ್ಲಿಕ್ಕೆ ಮನಸ್ಸಾಗುದಿಲ್ಲ. ನೀಲಿ ಅದನ್ನು ತಡ್ಕೊಳ್ತದೆ.

ಇನ್ನೊಂದು, ಕಿಟಕಿಯ ಹೊರಗೆ ಎಂತ ಉಂಟು ಅಂತ ಇಣುಕಿ. ಹೊರಗೆ ಅಡಿಕೆ ತೋಟವೋ ತೆಂಗು ಬಾಳೆಯೋ ಇದ್ರೆ ಒಳಗೆ ಬರುವ ಬೆಳಕೇ ಹಸಿರು. ಆಗಸ್ಟಲ್ಲಿ ಕಂಪೌಂಡ್ ಗೋಡೆಯ ಮೇಲೆ ಪಾಚಿ, ಅಂಗಳದಲ್ಲಿ ಹುಲ್ಲು, ಎಲ್ಲ ಸೇರಿ ಹಳದಿ ಗೋಡೆಗೆ ಒಂದು ಲಿಂಬೆ ಛಾಯೆ ಬರ್ತದೆ, ನವಿಲು ನೀಲಿ ಹಸಿರಿನ ಕಡೆ ಜಾರ್ತದೆ. ಅದೇ ಕಿಟಕಿ ಮಾರ್ಚಲ್ಲಿ, ಹುಲ್ಲು ಒಣಗಿ ಕೆಂಪು ಮಣ್ಣು ಕಾಣುವಾಗ, ಬೇರೆಯೇ ಬೆಳಕು ಕೊಡ್ತದೆ.

ಮಳೆಗಾಲದಲ್ಲಿ ಹಗಲೇ ಕತ್ತಲೆ. ಗಾಢ ನೀಲಿ ಕೊಟ್ರೆ ಗುಹೆ ಆಗುದಿಲ್ವಾ?

ಈ ಭಯ ಸರಿಯಾದ್ದೇ. ಇಲ್ಲಿ ವರ್ಷದ ಮಳೆ 3500 ಮಿಲಿಮೀಟರ್ ದಾಟ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳ್ತದೆ, ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಿ ಊಟ ಮಾಡುವ ಊರು ನಮ್ಮದು. ಇಲ್ಲಿ ನಿಮಗೆ ಸಹಾಯಕ್ಕೆ ಬರುದು ಎಲ್‌ಆರ್‌ವಿ ಅಂತ ಒಂದು ನಂಬರು, ಬಣ್ಣ ಎಷ್ಟು ಬೆಳಕು ತಿರುಗಿ ಕೊಡ್ತದೆ ಅಂತ ಅದು ಹೇಳುದು, ಪೂರ್ತಿ ಕಪ್ಪಿಗೆ 0, ಪೂರ್ತಿ ಬಿಳಿಗೆ 100. ಕೆಲವು ಕಂಪೆನಿಯವರು ಶೇಡಿನ ಜೊತೆ ವೆಬ್‌ಸೈಟಲ್ಲಿ ಕೊಡ್ತಾರೆ, ಅಂಗಡಿಯವರ ಹತ್ರ ಕೇಳಿ. ಸಾಸಿವೆ ಹಳದಿಗಳು ಸುಮಾರಾಗಿ 40ರ ಆಸುಪಾಸು ಇರ್ತವೆ, ನವಿಲು ನೀಲಿ 10ರ ಹತ್ರ. ಅಂದ್ರೆ ಒಂದೇ ಬೆಳಕಿಗೆ ಹಳದಿ ಗೋಡೆ ನೀಲಿಯ ನಾಲ್ಕು ಪಾಲು ತಿರುಗಿ ಕೊಡ್ತದೆ.

ಒಂದೇ ಕಿಟಕಿ ಇರುವ ರೂಮಿಗೆ ನಾಲ್ಕೂ ಗೋಡೆ ನೀಲಿ ಬೇಡ. ಒಂದು ಗೋಡೆ ಕೊಡಿ, ಅದೂ ಕಿಟಕಿಯ ಎದುರಿನದ್ದು, ಬೆಳಕು ನೇರ ಬೀಳುವುದು. ಹಂಚಿನ ಮನೆ ಆದ್ರೆ ಎರಡು ಗಾಜಿನ ಹಂಚು ಹಾಕಿಸಿ ನೋಡಿ, ಮೇಲಿಂದ ಬರುವ ಬೆಳಕಲ್ಲಿ ಗಾಢ ಬಣ್ಣ ಎಷ್ಟು ಚಂದ ಕಾಣ್ತದೆ ಅಂತ ಹೇಳಿದ್ರೆ ಸಾಲದು.

ಮುಖ್ಯ ಮಾತು, ಬೋರ್ಡನ್ನು ಬಿಸಿಲಿನ ದಿನ ಮಾತ್ರ ನೋಡಿ ಮುಗಿಸಬೇಡಿ. ಹೆಚ್ಚಿನವರು ಪೈಂಟ್ ಮಾಡಿಸುದು ನವೆಂಬರಿಂದ ಮೇ ಒಳಗೆ, ಆಗ ಆಕಾಶ ಬಿಳಿಚಿ ಬೆಳಕು ಧಾರಾಳ. ವರ್ಷದ ಮೂರನೇ ಒಂದು ಪಾಲು ಆ ಬೆಳಕು ಇರುದಿಲ್ಲ. ಮಳೆಗಾಲದಲ್ಲೇ ಬೋರ್ಡ್ ಮಾಡಿ ಇಟ್ಟುಕೊಂಡ್ರೆ ತುಂಬಾ ಒಳ್ಳೇದು, ಪೈಂಟರ್ ಬರುದು ಹೇಗೂ ದೀಪಾವಳಿ ಹೊತ್ತಿಗೆ. ಅಷ್ಟು ಟೈಮ್ ಇಲ್ಲದವರು ಕಿಟಕಿಗೆ ದಪ್ಪ ಪರದೆ ಎಳೆದು, ಲೈಟ್ ಹಾಕದೆ ಹತ್ತು ನಿಮಿಷ ಕೂತು ನೋಡಿ.

ಲೈಟಿನಿಂದ ವ್ಯತ್ಯಾಸ ಆಗ್ತದಾ?

ತುಂಬಾ ಆಗ್ತದೆ. ನಮ್ಮ ಮನೆಗಳಲ್ಲಿ ಜಾಸ್ತಿ ಇರುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ, ಡಬ್ಬದ ಮೇಲೆ ಕೂಲ್ ಡೇಲೈಟ್ ಅಂತ ಇರ್ತದೆ (ಕೆಲ್ವಿನ್ ನಂಬರು ಜಾಸ್ತಿ ಆದಷ್ಟು ಬೆಳಕು ನೀಲಿ ಬಿಳಿ, ಕಡಿಮೆ ಆದಷ್ಟು ಹಳದಿ). ಅದರ ಅಡಿ ಸಾಸಿವೆ ಹಳದಿಯ ಬೆಚ್ಚನೆ ಎಲ್ಲ ಹೋಗಿ ಪಿತ್ತದ ಬಣ್ಣಕ್ಕೆ ತಿರುಗ್ತದೆ, ನೀಲಿ ಮಾತ್ರ ಚಂದ ಇರ್ತದೆ. 3000ದ ವಾರ್ಮ್ ವೈಟ್ ಹಾಕಿದ್ರೆ ಹಳದಿ ಹೊಳೀತದೆ, ನೀಲಿ ಕಪ್ಪು ಹಸಿರಾಗಿ ಮಂಕಾಗ್ತದೆ. ಎರಡೂ ಬಣ್ಣ ಬೇಕು ಅನ್ನುವವರು 4000ದ್ದು ತಗೊಳ್ಳಿ, ಸಿಆರ್‌ಐ (ಲೈಟಿನ ಅಡಿ ಬಣ್ಣ ಎಷ್ಟು ಸರಿಯಾಗಿ ಕಾಣ್ತದೆ ಅಂತ ಹೇಳುವ ನಂಬರು, ಗರಿಷ್ಠ 100) 90 ಅಂತ ಬರೆದದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಬಣ್ಣ ಫಿಕ್ಸ್ ಮಾಡಿದ ಮೇಲೆ ಬಲ್ಬ್ ಬದಲಿಸುದಕ್ಕಿಂತ ಬಲ್ಬ್ ಮೊದಲು ಹಾಕಿ ಆಮೇಲೆ ಬೋರ್ಡ್ ನೋಡಿ, ರಾತ್ರಿ ಎಂಟು ಗಂಟೆಗೆ ಒಮ್ಮೆ ಖಂಡಿತ ನೋಡಿ, ಕೆಲಸಕ್ಕೆ ಹೋಗುವವರು ಹಾಲಲ್ಲಿ ಕೂರುದೇ ಆಗ.

ಎರಡೂ ಬಿಡ್ಲಿಕ್ಕೆ ಮನಸ್ಸಿಲ್ಲ. ಒಂದೇ ರೂಮಲ್ಲಿ ಎರಡೂ ಕೊಡಬಹುದಾ?

ಕೊಡಬಹುದು, ಆದ್ರೆ ಅರ್ಧ ಅರ್ಧ ಬೇಡ. ಎರಡು ಗೋಡೆ ಹಳದಿ ಎರಡು ಗೋಡೆ ನೀಲಿ ಮಾಡಿದ್ರೆ ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುದಿಲ್ಲ. ನಮ್ಮ ಕರಾವಳಿಯ ಹಳೆ ದೇವಸ್ಥಾನಗಳ ಕಾವಿ ಚಿತ್ರ ನೋಡಿ, ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು ಕೆರೆದು ಕೆರೆದು ಬಿಳಿ ತೆಗೆದ ಕೆಲಸ ಅದು, ಇರುದು ಎರಡೇ ಬಣ್ಣ, ಅದೂ ತದ್ವಿರುದ್ಧ. ಆದ್ರೆ ಇಡೀ ಗೋಡೆಯ ಲೆಕ್ಕದಲ್ಲಿ ಹೆಚ್ಚು ಜಾಗ ಬಿಳಿಗೆ, ಕೆಂಪು ಪಟ್ಟಿಯಾಗಿ ಹೂವಾಗಿ ಬರ್ತದೆ, ಅದಕ್ಕೇ ಅಷ್ಟು ವರ್ಷ ಆದ್ರೂ ಕಣ್ಣಿಗೆ ಭಾರ ಆಗುದಿಲ್ಲ. ಮಣಿಪಾಲದ ಹೆರಿಟೇಜ್ ವಿಲೇಜಿಗೆ ತಂದು ನಿಲ್ಲಿಸಿದ ಹಳೆ ಮನೆಗಳ ಒಳಗೆ ನಡೆದ್ರೂ ಗಾಢ ಮರ ಮತ್ತು ತಿಳಿ ಗೋಡೆಯ ಕಾಂಟ್ರಾಸ್ಟ್ ಹೇಗೆ ಕೂತಿದೆ ಅಂತ ಗೊತ್ತಾಗ್ತದೆ, ಪೈಂಟ್ ಮಾಡಿಸುವ ಮುಂಚೆ ಒಮ್ಮೆ ಹೋಗಿ ಬನ್ನಿ.

ನಾನು ಹೇಳುದಾದ್ರೆ ಮೂರು ಗೋಡೆ ಮಾಸಲು ಬಿಳಿ ಅಥವಾ ಹಾಲಿನ ಕೆನೆ ಬಣ್ಣ, ಒಂದು ಗೋಡೆ ನವಿಲು ನೀಲಿ, ಸಾಸಿವೆ ಹಳದಿ ಕುಶನ್ನಿಗೋ ಪರದೆಗೋ. ಹಳದಿಯೇ ಮುಖ್ಯ ಬೇಕು ಅಂದ್ರೆ ಹಳದಿಯಲ್ಲಿ ಎರಡು ಶೇಡ್ ತೆಳು ತಗೊಂಡು ಮೂರು ಗೋಡೆಗೆ ಕೊಡಿ, ನೀಲಿಯನ್ನು ಬಾಗಿಲಿಗೋ ಗೋಡೆ ಕಪಾಟಿನ ಒಳಗಿಗೋ ಇಡಿ.

ಬೂಸ್ಟು ಹಿಡಿದ್ರೆ ಯಾವ ಬಣ್ಣದಲ್ಲಿ ಕಾಣುದಿಲ್ಲ?

ಎರಡರಲ್ಲೂ ಕಾಣ್ತದೆ. ಹಳದಿ ಗೋಡೆಯಲ್ಲಿ ಸಾಸಿವೆ ಕಾಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿ, ಮೊದಲು ಕಪಾಟಿನ ಹಿಂದೆ, ಆಮೇಲೆ ಸೀಲಿಂಗಿನ ಮೂಲೆಯಲ್ಲಿ. ಗಾಢ ನೀಲಿಯಲ್ಲಿ ಬೂದಿ ಬಿಳಿ ಪುಡಿ ಹಿಡಿದ ಹಾಗೆ, ಪಕ್ಕದಿಂದ ಟಾರ್ಚ್ ಹಿಡಿದ್ರೆ ಇಡೀ ಗೋಡೆಗೆ ತೆಳ್ಳಗೆ ಪರೆ ಕಾಣ್ತದೆ. ಒರೆಸಿದ್ರೆ ಹಳದಿಯಲ್ಲಿ ಕಲೆ ಉಳೀತದೆ, ನೀಲಿ ಮ್ಯಾಟ್ ಆದ್ರೆ ಒರೆಸಿದ ಜಾಗವೇ ಹೊಳಪಾಗಿ ಬೇರೆ ಕಾಣ್ತದೆ. ಬಣ್ಣದಿಂದ ಮುಚ್ಚುವ ಸಮಸ್ಯೆ ಅಲ್ಲ ಇದು. ನೀರು ಎಲ್ಲಿಂದ ಬರ್ತದೆ ಅಂತ ಮೊದಲು ಹುಡುಕಿ, ಪಡು ಗೋಡೆಗೆ ಗಾಳಿಮಳೆ ಬಡಿದು ಒಳಗೆ ಇಳಿಯುದೇ ಜಾಸ್ತಿ, ಮುರಕಲ್ಲಿನ (ನಮ್ಮ ಊರಿನ ತೂತು ತೂತು ಕೆಂಪು ಕಲ್ಲು) ಗೋಡೆಗೆ ಸಾರಣೆ ಬಿರುಕು ಬಿಟ್ರೆ ಕಲ್ಲು ನೀರು ಹೀರ್ತದೆ. ಹೊರಗೆ ರಿಪೇರಿ ಮಾಡಿ, ಒಳಗೆ ಗೋಡೆ ಒಣಗಿದ ಮೇಲೆ ಬೂಸ್ಟು ನಿರೋಧಕ ಇರುವ ಎಮಲ್ಷನ್ ಕೊಡಿ, ಕಪಾಟು ಗೋಡೆಯಿಂದ ನಾಲ್ಕು ಇಂಚು ಮುಂದೆ ಇಡಿ. ಗಾಢ ಬಣ್ಣ ಕೊಡುವವರು ಪೂರ್ತಿ ಮ್ಯಾಟ್ ಬಿಟ್ಟು ಸಣ್ಣ ಹೊಳಪಿನದ್ದು ತಗೊಳ್ಳಿ, ಆದ್ರೆ ಹೊಳಪಿದ್ದಷ್ಟು ಗೋಡೆಯ ಉಬ್ಬು ತಗ್ಗು ಜಾಸ್ತಿ ಕಾಣ್ತದೆ, ಹಾಗಾಗಿ ಪುಟ್ಟಿ ಕೆಲಸ ಚೆನ್ನಾಗಿರಬೇಕು.

ಫೋನ್ ಆ್ಯಪಲ್ಲಿ ಗೋಡೆಗೆ ಬಣ್ಣ ಹಾಕಿ ನೋಡಿದ್ರೆ?

ಬಣ್ಣಕ್ಕೆ ನಂಬಬೇಡಿ, ಯಾವ ಗೋಡೆಗೆ ಅಂತ ತೀರ್ಮಾನ ಮಾಡ್ಲಿಕ್ಕೆ ಸಾಕು. ಆದ್ರೆ ಫೋನಿಂದ ಒಂದು ಒಳ್ಳೆ ಉಪಕಾರ ಉಂಟು: ಎರಡು ಬೋರ್ಡನ್ನೂ ಸೋಫಾ, ನೆಲ, ಬಾಗಿಲು ಎಲ್ಲ ಬರುವ ಹಾಗೆ ಫೋಟೋ ತೆಗೆದು ಬ್ಲಾಕ್ ಆ್ಯಂಡ್ ವೈಟ್ ಮಾಡಿ. ನೀಲಿ ಬೋರ್ಡ್ ಮತ್ತೆ ನಿಮ್ಮ ಮರದ ಬಾಗಿಲು ಒಂದೇ ಬೂದಿಯಾಗಿ ಕಂಡ್ರೆ ಮಬ್ಬು ಬೆಳಕಲ್ಲಿ ಗೋಡೆ ಯಾವುದು ಬಾಗಿಲು ಯಾವುದು ಅಂತ ಬೇರೆಯಾಗುದಿಲ್ಲ. ಗಾಢ ತೆಳು ವ್ಯತ್ಯಾಸ ಇದ್ರೆ ಮಾತ್ರ ಕಾಂಟ್ರಾಸ್ಟ್ ಮಳೆಗಾಲಕ್ಕೂ ಉಳೀತದೆ.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕಾಣ್ತದೆ. ಅತ್ತೆ ನೀಲಿಯನ್ನು ಕಪ್ಪು ಅಂತಾರೆ.

ಅವರು ಹೇಳುದು ಸುಳ್ಳಲ್ಲ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗ್ತದೆ, ನೀಲಿ ಬೆಳಕು ಒಳಗೆ ಹೋಗುದು ಕಡಿಮೆ ಆಗ್ತದೆ, ಗಾಢ ನೀಲಿಗೂ ಕಪ್ಪಿಗೂ ವ್ಯತ್ಯಾಸ ಹಿಡಿಯುದು ಕಷ್ಟ. ಪೊರೆ ಆಪರೇಷನ್ ಆದವರು ಎಲ್ಲ ನೀಲಿ ಕಾಣ್ತದೆ ಅನ್ನುದು ಇದಕ್ಕೇ. ಹಾಗಾಗಿ ಹಿರಿಯರು ದಿನ ಇಡೀ ಇರುವ ರೂಮಿಗೆ ಅವರ ಕಣ್ಣಲ್ಲೇ ಬೋರ್ಡ್ ನೋಡಿಸಿ. ಅಲ್ಲಿ ಸ್ವಿಚ್ ಬೋರ್ಡು, ಬಾಗಿಲ ಚೌಕಟ್ಟು ಗೋಡೆಯಿಂದ ಬೇರೆಯಾಗಿ ಕಾಣಬೇಕು, ರಾತ್ರಿ ಏಳುವವರಿಗೆ ಅದು ತುಂಬಾ ಮುಖ್ಯ. ಅತ್ತೆಯ ರೂಮಿಗೆ ತೆಳು ಹಳದಿ ಗೋಡೆ, ಗಾಢ ಬಾಗಿಲು ಕೊಡಿ, ಹಾಲಿನ ನೀಲಿ ನಿಮ್ಮ ಇಷ್ಟದ ಹಾಗೆ ಆಗ್ಲಿ.

ವಾಸ್ತು?

ಮನೆಯ ಹಿರಿಯರಿಗೆ ನಂಬಿಕೆ ಇದ್ರೆ ಅದನ್ನು ಮೊದಲೇ ಕೇಳಿ ಪಟ್ಟಿ ಮಾಡಿಕೊಳ್ಳಿ, ಬೋರ್ಡ್ ಮಾಡುದು ಆಮೇಲೆ. ಪೈಂಟ್ ಡಬ್ಬ ಬಂದ ಮೇಲೆ ಕೇಳಿದ್ರೆ ಎಲ್ರಿಗೂ ಬೇಜಾರು.

ಸೀಲಿಂಗ್?

ಬಿಳಿ. ಗೋಡೆಗೆ ಗಾಢ ಬಣ್ಣ ಇದ್ರೆ ಇದರಲ್ಲಿ ಎರಡನೇ ಯೋಚನೆ ಬೇಡ.

ಹೊಸ ಮನೆ, ಸಾರಣೆ ಈಗ ಮುಗಿದಿದೆ. ಒಕ್ಕಲಿನ ಮೊದಲು ಗಾಢ ಬಣ್ಣ ಕೊಟ್ಟು ಬಿಡ್ಲಾ?

ಸಿಮೆಂಟ್ ಸಾರಣೆಗೆ ಕಡಿಮೆ ಅಂದ್ರೂ 28 ದಿನ ಬಿಡಬೇಕು, ಮಳೆಗಾಲ ಮಧ್ಯ ಬಂದ್ರೆ ಇನ್ನೂ ಜಾಸ್ತಿ. ಹಸಿ ಸಿಮೆಂಟಿನ ಕ್ಷಾರಕ್ಕೆ ಕೆಲವು ಬಣ್ಣಗಳು ಬಿಳಚಿ ಹೋಗ್ತವೆ, ಒಳಗಿನ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬರ್ತದೆ, ನೀಲಿ ಗೋಡೆಯಲ್ಲಿ ಅದು ದೂರದಿಂದಲೇ ಕಾಣ್ತದೆ. ಮಣ್ಣಿನ ಛಾಯೆಯ ಹಳದಿಗೆ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್ ಬಳಸ್ತಾರೆ, ಅದು ಕ್ಷಾರ ಬಿಸಿಲು ಎರಡನ್ನೂ ತಡೀತದೆ. ಟೈಮ್ ಇಲ್ಲ ಅಂದ್ರೆ ಒಕ್ಕಲಿಗೆ ಪ್ರೈಮರ್ ಮತ್ತು ಒಂದು ಕೋಟ್ ಬಿಳಿಯಲ್ಲಿ ನಿಲ್ಲಿಸಿ, ಗೋಡೆ ಒಂದು ಮಳೆಗಾಲ ನೋಡಿದ ಮೇಲೆ ಬಣ್ಣ ಕೊಡಿ, ಆಗ ಎಲ್ಲಿ ನೀರು ಇಳೀತದೆ ಅಂತಲೂ ಗೊತ್ತಿರ್ತದೆ.

ಎಷ್ಟು ಲೀಟರ್ ತರುದು, ಆರು ತಿಂಗಳ ನಂತರ ಅದೇ ಬಣ್ಣ ಸಿಗ್ತದಾ?

ಹತ್ತು ಹನ್ನೆರಡರ ರೂಮು, ಹತ್ತಡಿ ಎತ್ತರ ಅಂತಿಟ್ಕೊಳ್ಳಿ. ನೀಲಿಯ ಒಂದು ಉದ್ದದ ಗೋಡೆ 120 ಚದರಡಿ. ಉಳಿದ ಮೂರು ಸೇರಿ 320, ಬಾಗಿಲು ಕಿಟಕಿ ಕಳೆದ್ರೆ 280ರ ಹತ್ರ. ಡಬ್ಬದ ಮೇಲಿನ ಕವರೇಜ್ ಒಂದು ಕೋಟಿಗೆ ಬರೆದದ್ದಾ ಎರಡು ಕೋಟಿಗಾ ಅಂತ ಸರಿಯಾಗಿ ಓದಿ ಭಾಗಿಸಿ, ಅದು ನುಣುಪು ಗೋಡೆಯ ಲೆಕ್ಕ, ಹಳೆ ಗೋಡೆ ಜಾಸ್ತಿ ಕುಡೀತದೆ. ಎದ್ದು ಹೊಡೆಯುವ ಹಳದಿ ಆದ್ರೆ ಅಡಿಯ ಬಣ್ಣ ಮುಚ್ಚುದು ಕಡಿಮೆ, ಮೂರನೇ ಕೋಟಿಗೂ ಲೆಕ್ಕ ಹಾಕಿ.

ಒಂದು ಗೋಡೆಗೆ ಬೇಕಾದ ಎಲ್ಲ ಪೈಂಟ್ ಒಟ್ಟಿಗೆ ಮಿಕ್ಸ್ ಮಾಡಿಸಿ ತನ್ನಿ, ಎರಡು ಡಬ್ಬ ಇದ್ರೆ ದೊಡ್ಡ ಬಕೆಟಿಗೆ ಹೊಯ್ದು ಕಲಸಿಯೇ ಶುರು ಮಾಡ್ಲಿಕ್ಕೆ ಪೈಂಟರ್ ಹತ್ರ ಹೇಳಿ. ಮೆಷಿನಲ್ಲಿ ಹಾಕಿದ್ರೂ ಬೇರೆ ದಿನದ್ದು ಕೂದಲೆಳೆ ವ್ಯತ್ಯಾಸ ಬರ್ತದೆ, ಗೋಡೆಯ ಮಧ್ಯದಲ್ಲಿ ಜೋಡಿಸಿದ್ರೆ ಅದು ಗೊತ್ತಾಗ್ತದೆ. ಡಬ್ಬದ ಮುಚ್ಚಳದ ಸ್ಟಿಕ್ಕರಲ್ಲಿ ಶೇಡ್ ಕೋಡ್, ಬೇಸ್ (ಬಣ್ಣ ಬೆರೆಸುವ ಮೊದಲಿನ ಮೂಲ ಪೈಂಟ್), ಯಾವ ಮಾಲು ಅಂತ ಇರ್ತದೆ, ಫೋಟೋ ತೆಗೆದು ಇಟ್ಕೊಳ್ಳಿ, ಬರೀ ಬಣ್ಣದ ಹೆಸರು ಹೇಳಿದ್ರೆ ಅಂಗಡಿಯವರಿಗೆ ಸಾಲುದಿಲ್ಲ. ಉಳಿದದ್ದನ್ನು ಸಣ್ಣ ಗಾಳಿಯಾಡದ ಡಬ್ಬಕ್ಕೆ ಬಾಯಿವರೆಗೆ ತುಂಬಿಸಿ ಮೇಲೆ ಯಾವ ರೂಮು, ಯಾವ ಗೋಡೆ ಅಂತ ಬರೆದು ಬಿಸಿಲು ಬೀಳದ ಕಡೆ ಇಡಿ, ಮಕ್ಕಳು ಗೋಡೆಗೆ ಗೀಚಿದ್ರೆ ಬೇಕಾಗುದು ಅದೇ ಡಬ್ಬ.